ಬ್ಲಾಸಮ್ಮನ ಕಣ್ಣೀರ ಸುಳಿ

14 ನವೆಂಬರ್ 1997, ಶುಕ್ರವಾರ

ಡೈರಿ ಬರೆಯುವ ಚಾಳಿ ನನ್ನದಲ್ಲ, ನಮ್ಮವರದು. ಹೆಡ್‌ಮಾಸ್ಟರಾಗಿದ್ದವರು, ದಿನವೂ ನಾಲ್ಕು ಸಾಲು ಗೀಚದೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅವರು ಹೋಗಿ ಆರು ವರ್ಷವಾಯಿತು. ಈ ತೋಟದಲ್ಲಿ ಮಾತಿಗೆ ಜನವಿಲ್ಲದೆ ಈಗ ನನಗೂ ಆ ಗತಿ ಬಂದಿದೆ. ಗೊಬ್ಬರದ ಕಂಪನಿಯವರು ಕೊಟ್ಟ ಖಾಲಿ ಡೈರಿ ರಂಗನ ಮೇಜಿನ ಮೇಲಿತ್ತು, ಎತ್ತಿಕೊಂಡೆ.

ನನ್ನ ತಮ್ಮ ರಂಗನಾಥನಿಗೆ ಲಕ್ವ ಹೊಡೆದು ಇವತ್ತಿಗೆ ಹನ್ನೆರಡು ದಿನ. ಬಲಗೈ, ಬಲಗಾಲು ಬಿದ್ದಿವೆ, ಮಾತು ನಿಂತಿದೆ. ಅವನಿಗೆ ಐವತ್ತೈದು ವರ್ಷ, ಮದುವೆಯಾಗಲಿಲ್ಲ. ‘ಎಲ್ಲ ತಿಳಿಯುತ್ತದೆ ಅವರಿಗೆ, ಮಾತಾಡಿಸುತ್ತಿರಿ’ ಎಂದು ಮಂಗಳೂರಿನ ಡಾಕ್ಟರು ಹೇಳಿ ಕಳಿಸಿದರು. ಚಿಕ್ಕಮಗಳೂರಿನ ನನ್ನ ಮನೆಗೆ ಬೀಗ ಹಾಕಿ, ಹದಿನೈದು ದಿನಕ್ಕೆಂದು ಈ ಕೊಟ್ಟಿಗೆಹಾರದ ತೋಟಕ್ಕೆ ಬಂದಿದ್ದೇನೆ. ಗಿಳಿಗೆ ಕಾಳು ಹಾಕಲು ಪಕ್ಕದ ಮನೆಯವರಿಗೆ ಹೇಳಿದ್ದೇನೆ.

ಬಂದು ನೋಡಿದರೆ ಜೀಪು ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಂತಿದೆ. ಜೀಪಿನ ಶೆಡ್ಡಿನಲ್ಲಿ ಒಂದು ಕುದುರೆ ನಿಂತಿದೆ!

19 ನವೆಂಬರ್, ಬುಧವಾರ

ಕುದುರೆಯ ಜಾತಕ ತಿಳಿಯಿತು. ಹೇಳಿದವನು ತೋಟದ ಲೆಕ್ಕ ಬರೆಯುವ ರೈಟರ್ ದೇವೇಂದ್ರ. ಬಿ.ಎ. ಓದಿದ ಹುಡುಗ, ಇಂಗ್ಲಿಷ್ ಬರುತ್ತದೆ, ಆದರೆ ಏನು ಕೇಳಿದರೂ ಮೊದಲು ತಲೆ ಕೆರೆದುಕೊಳ್ಳುತ್ತಾನೆ.

ಅದು ರೇಸಿನಲ್ಲಿ ಓಡಿ ನಿವೃತ್ತಿಯಾದ ಹೆಣ್ಣುಕುದುರೆ. ಬೆಂಗಳೂರಿನ ಹರಾಜಿನಲ್ಲಿ ಕಳೆದ ತಿಂಗಳು ರಂಗ ಕೊಂಡನಂತೆ. ಹೆಸರು ‘ಬ್ಲಾಸಮ್ ಶವರ್’. ಕಾಫಿ ಹೂವಿನ ಮಳೆಯ ಹೆಸರು ಕಂಡ ಕೂಡಲೇ ನಮ್ಮವನು ಕೈ ಎತ್ತಿರುತ್ತಾನೆ, ಕಾಲು ಹಲ್ಲು ನೋಡಿರಲಾರ. ಜೊತೆಗೆ ಅದು ಗಬ್ಬವಂತೆ. ಫೆಬ್ರವರಿಯಲ್ಲಿ ಮರಿ.

“ಸಾಹುಕಾರ್ರಿಗೆ ಒಂದೇ ಆಸೆ ಅಮ್ಮ” ಎಂದ ದೇವೇಂದ್ರ. “ಮೂವತ್ತು ವರ್ಷ ಬೇರೆಯವ್ರ ಕುದ್ರೆ ನೋಡಿ ಚಪ್ಪಾಳೆ ತಟ್ಟಿದ್ದಾಯ್ತು, ನಮ್ಮ ತೋಟದಲ್ಲಿ ಹುಟ್ಟಿದ್ ಒಂದು ಮರಿ ಹೆಸರು ಸ್ಟಡ್ ಬುಕ್ಕಿಗೆ ಹತ್ಬೇಕು ಅಂತಿದ್ರು. ಓಡದಿದ್ರೂ ಅಡ್ಡಿಲ್ಲ, ಪುಸ್ತಕದಲ್ಲಿ ಇರ್ಬೇಕು ಅಂತ.”

“ಎಂಥ ಪುಸ್ತಕ ಮಾರಾಯ ಅದು, ಚಿತ್ರಗುಪ್ತನದ್ದಾ?”

“ಹಂಗೇ ಅಮ್ಮ. ರೇಸ್ ಕುದ್ರೆಗಳ ಹುಟ್ಟು, ವಂಶ ಎಲ್ಲ ಬರೆದಿಡೋದು. ಅದ್ರಲ್ಲಿ ಇಲ್ದಿದ್ರೆ ರೇಸಿನ ಲೋಕಕ್ಕೆ ಅದು ಕುದ್ರೇನೇ ಅಲ್ಲ.”

ನನಗೆ ಮೈ ಉರಿಯಿತು. ನಮ್ಮವರು ತೀರಿಕೊಂಡ ದಿನ ಈ ಪುಣ್ಯಾತ್ಮ ಮೈಸೂರಿನ ರೇಸಿನಲ್ಲಿದ್ದ. ಬಂದು ಮುಟ್ಟುವಷ್ಟರಲ್ಲಿ ಬೂದಿಯಾಗಿತ್ತು. ಅದನ್ನು ನಾನು ಮರೆತಿಲ್ಲ.

26 ನವೆಂಬರ್, ಬುಧವಾರ

ಕೆಂಪಯ್ಯ ಈ ತೋಟದ ದನಗಳನ್ನು ನಲವತ್ತು ವರ್ಷದಿಂದ ನೋಡಿಕೊಂಡವನು. ಅವನ ಹೆಂಡತಿ ಜವರಮ್ಮ ಅಡಿಗೆಮನೆಯ ಯಜಮಾನಿ. ಇವತ್ತು ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲಿ ನಿಂತರು. ವಿಷಯ ದೊಡ್ಡದೇ ಇರಬೇಕು ಎಂದುಕೊಂಡೆ.

ಕುದುರೆಯ ಎಡಗಣ್ಣಿನ ಕೆಳಗೆ ಸುಳಿ ಇದೆಯಂತೆ. ಕಣ್ಣೀರ ಸುಳಿ. ಅಂಥ ಕುದುರೆ ಕಟ್ಟಿದ ಮನೆಯಲ್ಲಿ ಕಣ್ಣೀರು ತಪ್ಪುವುದಿಲ್ಲವಂತೆ.

“ಸಾಹುಕಾರ್ರು ಲಾರಿಯಿಂದ ಇಳಿಸ್ದಾಗ್ಲೇ ಹೇಳ್ದೆ ಅಮ್ಮ. ನಕ್ಕುಬಿಟ್ರು” ಎಂದ ಕೆಂಪಯ್ಯ. “ಇಳ್ಸಿ ಮೂರು ವಾರಕ್ಕೆ ಮಲಗಿದ್ರು ನೋಡಿ.”

ಹೋಗಿ ನೋಡಿದೆ. ಹೌದು, ನಾಲ್ಕಾಣೆ ಅಗಲ ಕೂದಲು ಗಿರ್ರನೆ ತಿರುಗಿ ನಿಂತಿದೆ. ದನದಲ್ಲಿ ಸುಳಿ ನೋಡದೆ ನಮ್ಮಪ್ಪ ಹಗ್ಗ ಹಿಡಿಯುತ್ತಿರಲಿಲ್ಲ. ಇದಕ್ಕೆ ಪರಿಹಾರವೂ ಇದೆ, ಸುಳಿಯನ್ನು ಸುಟ್ಟುಬಿಟ್ಟರೆ ದೋಷ ಹೋಯಿತು.

30 ನವೆಂಬರ್, ಭಾನುವಾರ, ಅಮಾವಾಸ್ಯೆ

ಬೆಳಿಗ್ಗೆ ಎಂಟಕ್ಕೆ ಕೆಲಸ ಮುಗಿಸಿದೆವು. ಕೆಂಪಯ್ಯ ಸರಳು ಕಾಯಿಸಿದ, ನಾನು ನಿಂತು ಮಾಡಿಸಿದೆ. ಕಣ್ಣಿನ ಹತ್ತಿರವಾದ್ದರಿಂದ ಒಂದೇ ಸಲ ತಾಗಿಸಿ ತೆಗೆದ. ಕುದುರೆ ಕೂಗಿದ್ದು ದೇವರಮನೆ ಗುಡ್ಡದವರೆಗೂ ಕೇಳಿರಬೇಕು. ಆಮೇಲೆ ಅರಿಶಿನ ಬೆಣ್ಣೆ ಹಚ್ಚಿದೆ.

ರಂಗನ ಮಂಚ ಕಿಟಕಿಯ ಪಕ್ಕದಲ್ಲಿದೆ, ಅಲ್ಲಿಂದ ಶೆಡ್ಡು ಎದುರಿಗೇ. ಒಳಗೆ ಹೋದಾಗ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಮಾಡುತ್ತಿದ್ದ.

3 ಡಿಸೆಂಬರ್, ಬುಧವಾರ

ರಂಗ ನನ್ನ ಕೈಯಿಂದ ಊಟ ಮಾಡುತ್ತಿಲ್ಲ. ಚಮಚ ತಂದರೆ ಗೋಡೆಗೆ ಮುಖ ತಿರುಗಿಸುತ್ತಾನೆ. ಜವರಮ್ಮ ತಿನ್ನಿಸಿದರೆ ಮಗುವಿನ ಹಾಗೆ ತಿನ್ನುತ್ತಾನೆ. ಕಾಯಿಲೆಯವರಿಗೆ ಸಿಡುಕು ಸಹಜ.

ಎತ್ತಿ ಆಡಿಸಿದವಳು ನಾನು. ಇರಲಿ.

12 ಡಿಸೆಂಬರ್, ಶುಕ್ರವಾರ

ಮಾತಾಡಿಸಿ ಎಂದರು ಡಾಕ್ಟರು. ಮುಖ ತಿರುಗಿಸಿಕೊಂಡವನ ಹತ್ತಿರ ಏನು ಮಾತಾಡಲಿ? ಅವನ ಕಪಾಟಿನಲ್ಲಿ ಕುದುರೆ ಪುಸ್ತಕಗಳು ರಾಶಿಯಷ್ಟಿವೆ, ಎಲ್ಲ ಇಂಗ್ಲಿಷಿನವು. ಸಂಜೆ ಕಣದ ಕೆಲಸ ಮುಗಿದ ಮೇಲೆ ದೇವೇಂದ್ರನನ್ನು ಕೂರಿಸಿ, ಒಂದೊಂದು ಪುಟ ಓದಿ ಕನ್ನಡದಲ್ಲಿ ಹೇಳಿಸುತ್ತಿದ್ದೇನೆ. ರಂಗನಿಗಾಗಿ, ನನಗಲ್ಲ.

ರೇಸಿನ ಕುದುರೆಗಳಿಗೆಲ್ಲ ಮೂರು ಮೂಲಪುರುಷರಂತೆ. ಮುನ್ನೂರು ವರ್ಷದ ಹಿಂದೆ ಪೂರ್ವದೇಶಗಳಿಂದ ಇಂಗ್ಲೆಂಡಿಗೆ ಹೋದ ಮೂರು ಗಂಡುಗಳು. ಬೈರ್ಲಿಯ ಟರ್ಕ್ ಎಂಬುದು ಯುದ್ಧಕ್ಕೆ ಹೋದದ್ದು. ಡಾರ್ಲಿಯ ಅರೇಬಿಯನ್ ಅಲೆಪ್ಪೊ ಎಂಬ ಊರಿಂದ ಹಡಗಿನಲ್ಲಿ ಬಂದದ್ದು. ಗೊಡಾಲ್ಫಿನ್ ಎಂಬಾತನ ಕುದುರೆ ಇಂಗ್ಲೆಂಡಿಗೆ ಬರುವ ಮೊದಲು ಪ್ಯಾರಿಸಿನ ಬೀದಿಯಲ್ಲಿ ನೀರಿನ ಗಾಡಿ ಎಳೆಯುತ್ತಿತ್ತು ಎಂದು ಕಥೆ, ನಿಜವೋ ಸುಳ್ಳೋ. ಇವತ್ತು ಯಾವ ದೇಶದಲ್ಲಿ ಯಾವ ರೇಸಿನ ಕುದುರೆ ಓಡಿದರೂ ಈ ಮೂವರಲ್ಲಿ ಒಬ್ಬರ ಗೋತ್ರವೇ.

“ಹಂಗಾದ್ರೆ ನಮ್ ಶೆಡ್ಡಿನದ್ದು ಯಾವ ಗೋತ್ರ?” ಎಂದೆ.

ದೇವೇಂದ್ರ ತಲೆ ಕೆರೆದುಕೊಂಡ. “ಹತ್ತಕ್ಕೆ ಒಂಬತ್ತು ಡಾರ್ಲಿದೇ ಅಂತೆ ಅಮ್ಮ. ನಮ್ದೂ ಅದೇ ಇರ್ಬೇಕು.”

ಇರಬೇಕು ಅಂದರೆ ಹೇಗೆ? ಹೆಣ್ಣು ತಂದ ಮೇಲೆ ಮನೆತನ ಗೊತ್ತಿರಬೇಡವೇ? ಹುಡುಕಿ ಹೇಳು ಎಂದಿದ್ದೇನೆ. ರಂಗ ಗೋಡೆ ನೋಡುತ್ತಿದ್ದರೂ ಕಿವಿ ಇತ್ತಲೇ ಇತ್ತು.

21 ಡಿಸೆಂಬರ್, ಭಾನುವಾರ

ನಿನ್ನೆ ಸಂಜೆ ಓದಿಸಿದ್ದು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಕುದುರೆಯವರಲ್ಲಿ ಮನೆತನ ಎಂದರೆ ತಾಯಿಯ ಕಡೆಯದು! ಅಜ್ಜಿ, ಮುತ್ತಜ್ಜಿ, ಅವಳ ಅಮ್ಮ ಎಂದು ಮೂಲ ತಾಯಿಯವರೆಗೆ ಹೋಗುತ್ತಾರೆ. ಆ ಮೂಲ ತಾಯಂದಿರಿಗೆ ನಂಬರು ಕೊಟ್ಟಿದ್ದಾರೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ನಮ್ಮ ಜನ ಬಾಯಲ್ಲಿ ಹೇಳಿದ್ದನ್ನು ಅವರು ಪುಸ್ತಕ ಮಾಡಿ ಇಟ್ಟಿದ್ದಾರೆ. ಮೂವತ್ತು ಮದುವೆ ಕೂಡಿಸಿದವಳು ನಾನು, ನನಗೆ ಇದು ಎರಡೇ ದಿನದಲ್ಲಿ ಹಿಡಿಯಿತು. ದೇವೇಂದ್ರ ಇನ್ನೂ ತಡವರಿಸುತ್ತಾನೆ.

ಆದರೆ ಆ ಮೂಲ ತಾಯಂದಿರಲ್ಲಿ ಎಷ್ಟೋ ಜನಕ್ಕೆ ಹೆಸರೇ ಇಲ್ಲ. ‘ಇಂಥವರ ಹೆಣ್ಣುಕುದುರೆ’ ಎಂದು ಯಜಮಾನನ ಹೆಸರು ಹೇಳಿ ಮುಗಿಸಿದ್ದಾರೆ. ನನಗೆ ನಗು ಬಂತು. ನಾನೂ ನಲವತ್ತು ವರ್ಷ ‘ಹೆಡ್‌ಮಾಸ್ಟರ ಹೆಂಡತಿ’ಯೇ ಆಗಿದ್ದೆನಲ್ಲ.

ಇನ್ನೊಂದು ವಿಚಿತ್ರ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದರೆ ಮಾತ್ರ ಒಡಹುಟ್ಟು. ಅಪ್ಪ ಒಬ್ಬನೇ, ತಾಯಿ ಬೇರೆ ಎಂದರೆ ಸಂಬಂಧವನ್ನೇ ಎಣಿಸುವುದಿಲ್ಲ. ನನ್ನ ತಾಯಿ ಸತ್ತ ಮೇಲೆ ಅಪ್ಪ ಮಾಡಿಕೊಂಡ ಚಿಕ್ಕಮ್ಮನ ಮಗ ರಂಗ. ಕುದುರೆ ಕಾನೂನಿನಲ್ಲಿ ಅವನೂ ನಾನೂ ಯಾರೋ ಏನೋ! ಅವನಿಗೆ ಜೋರಾಗಿ ಹೇಳಿ ನಕ್ಕೆ. ಅವನು ನಗಲಿಲ್ಲ.

ಶೆಡ್ಡಿನ ಹೆಣ್ಣಿಗೆ ಇವತ್ತು ಹುರುಳಿ ಬೇಯಿಸಿ ಹಾಕಿಸಿದೆ.

1 ಜನವರಿ 1998, ಗುರುವಾರ

ನಮ್ಮ ದೇಶದ ಎಲ್ಲ ರೇಸಿನ ಕುದುರೆಗಳಿಗೂ ಇವತ್ತೇ ಹುಟ್ಟಿದ ಹಬ್ಬ. ಯಾವ ತಿಂಗಳು ಹುಟ್ಟಿದರೂ ಜನವರಿ ಒಂದಕ್ಕೆ ಒಂದು ವರ್ಷ ಕೂಡುತ್ತದೆ. ನಕ್ಷತ್ರ, ತಿಥಿ ಯಾವ ತಾಪತ್ರಯವೂ ಇಲ್ಲ.

ಬೆಲ್ಲ ತೆಗೆದುಕೊಂಡು ಹೋಗಿ ಕೊಟ್ಟೆ. ಅಂಗೈ ನೆಕ್ಕಿ, ಮೂಗನ್ನು ನನ್ನ ಸೆರಗಿಗೆ ಒರೆಸಿತು. ಜವರಮ್ಮ ಅದನ್ನು ‘ಬ್ಲಾಸಮ್ಮ’ ಎಂದು ಕರೆಯುತ್ತಾಳೆ. ಒಳ್ಳೆಯ ಹೆಸರೇ.

9 ಜನವರಿ, ಶುಕ್ರವಾರ

ಎಕ್ಲಿಪ್ಸ್ ಎಂಬ ಕುದುರೆಯ ಕಥೆ. ಸೂರ್ಯಗ್ರಹಣದ ದಿನ ಹುಟ್ಟಿತಂತೆ, ಅದಕ್ಕೇ ಆ ಹೆಸರು. ಗ್ರಹಣದಲ್ಲಿ ಹುಟ್ಟಿದ್ದು! ಎರಡು ವರ್ಷದ ಹಿಂದಿನ ದೀಪಾವಳಿ ಗ್ರಹಣಕ್ಕೆ ನಮ್ಮ ಬೀದಿಯ ಬಸುರಿ ಹುಡುಗಿಯರನ್ನು ನಾನು ಬಾಗಿಲು ದಾಟಿಸಿರಲಿಲ್ಲ. ಆ ಎಕ್ಲಿಪ್ಸ್ ಹದಿನೆಂಟು ರೇಸ್ ಓಡಿ ಹದಿನೆಂಟನ್ನೂ ಗೆದ್ದಿತು, ಒಂದು ಸಲವೂ ಸೋಲಲಿಲ್ಲ.

ಕೆಂಪಯ್ಯನನ್ನು ಕರೆದು ಹೇಳಿದೆ. ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಯೋಚಿಸಿದ.

“ಅವ್ರ ಗ್ರಹಣ ಬೇರೆ ಇರ್ಬೋದು ಅಮ್ಮ.”

“ಸೂರ್ಯ ಎಷ್ಟು ಮಂದಿ ಇದಾರೆ ಕೆಂಪಯ್ಯ?”

ಬೀಡಿ ಹಚ್ಚಿಕೊಂಡು ಎದ್ದು ಹೋದ. ಬ್ಲಾಸಮ್ಮನ ಗಾಯ ಮಾಗಿದೆ. ಸುಳಿ ಇದ್ದ ಕಡೆ ಬೋಳು, ಸುತ್ತ ನಾಲ್ಕಾರು ಬಿಳಿ ಕೂದಲು ಹುಟ್ಟಿವೆ. ಯಾಕೋ ಆ ಕಡೆ ನೋಡಲು ನನಗೆ ಇಷ್ಟವಾಗುವುದಿಲ್ಲ.

ಚಿಕ್ಕಮಗಳೂರಿನಿಂದ ಪಕ್ಕದ ಮನೆಯವರು ಫೋನು ಮಾಡಿ, ಯಾವಾಗ ಬರುತ್ತೀರಿ ಎಂದರು. ಗಿಳಿಯನ್ನು ನೀವೇ ಇಟ್ಟುಕೊಳ್ಳಿ ಎಂದೆ.

11 ಫೆಬ್ರವರಿ, ಬುಧವಾರ

ಬೆಳಿಗ್ಗೆ ಆರಕ್ಕೆ ಮರಿ ಹಾಕಿತು. ಹೆಣ್ಣು! ಕಂದು ಬಣ್ಣ, ಹಣೆಯಲ್ಲಿ ಬೆರಳು ಇಟ್ಟಷ್ಟು ಬಿಳಿ. ಮೈಗಿಂತ ಕಾಲೇ ಜಾಸ್ತಿ. ಮುಕ್ಕಾಲು ಗಂಟೆಯೊಳಗೆ ಎದ್ದು, ಬಿದ್ದು, ಮತ್ತೆ ಎದ್ದು ಮೊಲೆಗೆ ಬಾಯಿ ಹಾಕಿತು. ಕೆಂಪಯ್ಯ ಕಣ್ಣು ಒರೆಸಿಕೊಂಡ. ನಾನು ಕೂಡ.

ರಂಗನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಎತ್ತಿಕೊಂಡು ಬಂದು ತೋರಿಸಿದೆವು. ಎಡಗೈಯಲ್ಲಿ ಮರಿಯ ಬೆನ್ನು ಸವರಿದ. ಆಮೇಲೆ ತಾಯಿಯ ಕೆನ್ನೆ ಮುಟ್ಟಿದ, ಆ ಕಲೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ತೆಗೆಯಲೇ ಇಲ್ಲ. ನಾನು ಹಾಲು ಕಾಯಿಸಲು ಒಳಗೆ ಬಂದೆ.

14 ಫೆಬ್ರವರಿ, ಶನಿವಾರ

ಇದನ್ನು ಬರೆಯಲೇಬೇಕು.

ಸ್ಟಡ್ ಬುಕ್ಕಿಗೆ ಮರಿಯ ಅರ್ಜಿ ತುಂಬಿಸಲು ದೇವೇಂದ್ರನನ್ನು ಕೂರಿಸಿದೆ. ಅರ್ಜಿಯಲ್ಲಿ ಕುದುರೆಯ ಚಿತ್ರವಿದೆ, ಎಡಮಗ್ಗಲು, ಬಲಮಗ್ಗಲು, ಮುಖ. ಅದರ ಮೇಲೆ ಬಿಳಿ ಮಚ್ಚೆ, ಸುಳಿ ಎಲ್ಲ ಎಲ್ಲಿವೆ ಎಂದು ಗುರುತು ಹಾಕಬೇಕು.

“ಸುಳಿ ಯಾಕೆ? ಅವ್ರೂ ಶಕುನ ನೋಡ್ತಾರಾ?” ಎಂದೆ.

“ಶಕುನಕ್ಕಲ್ಲ ಅಮ್ಮ, ಗುರುತಿಗೆ. ನಮ್ಮ ಹೆಬ್ಬೆಟ್ಟಿನ ಹಂಗೆ. ಬಣ್ಣ ಒಂದೇ ಥರ ಇರೋ ಕುದ್ರೆ ನೂರು ಸಿಗ್ತವೆ, ಸುಳಿ ಇರೋ ಜಾಗ ಮಾತ್ರ ಒಂದಕ್ಕಿದ್ದ ಹಂಗೆ ಇನ್ನೊಂದಕ್ಕೆ ಇರಲ್ವಂತೆ.”

ಮಾದರಿಗೆಂದು ತಾಯಿಯ ಗುರುತುಗಳನ್ನು ಬರೆದಿಟ್ಟ ಪಾಸ್‌ಪೋರ್ಟ್ ಪುಸ್ತಕ ತೆಗೆದ. ಅದರಲ್ಲಿ ಬ್ಲಾಸಮ್ಮನ ಮುಖದ ಚಿತ್ರ. ಎಡಗಣ್ಣಿನ ಕೆಳಗೆ ಕಪ್ಪು ಶಾಯಿಯಲ್ಲಿ ಒಂದು ಕತ್ತರಿ ಗುರುತು. ಪಕ್ಕದಲ್ಲಿ ಅದರ ವಿವರ, ಸುಳಿ ಎಂದು.

ದೇವೇಂದ್ರ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನು ತಲೆ ಕೆರೆದುಕೊಳ್ಳಲಿಲ್ಲ. ಆ ಗುರುತಿಲ್ಲದಿದ್ದರೆ ಶೆಡ್ಡಿನಲ್ಲಿರುವುದು ಬ್ಲಾಸಮ್ ಶವರ್ ಎಂದು ಯಾರೂ ಒಪ್ಪುವುದಿಲ್ಲ. ತಾಯಿಯನ್ನು ಒಪ್ಪದಿದ್ದರೆ ಮರಿ ಪುಸ್ತಕಕ್ಕೆ ಹತ್ತುವುದಿಲ್ಲ. ರಂಗನಿಗೆ ಉಳಿದ ಒಂದೇ ಆಸೆಗೆ ನಾನೇ ನಿಂತು ಬರೆ ಹಾಕಿಸಿದೆ.

ಮಾಡಿದ್ದುಣ್ಣೋ ಮಹಾರಾಯ ಎಂದು ಊರಿಗೆಲ್ಲ ಹೇಳುವವಳು ನಾನು.

15 ಫೆಬ್ರವರಿ

ಊಟ ಸೇರಲಿಲ್ಲ.

8 ಏಪ್ರಿಲ್, ಬುಧವಾರ

ನಾಳೆ ಬೆಂಗಳೂರಿನಿಂದ ಸ್ಟಡ್ ಬುಕ್ಕಿನ ಡಾಕ್ಟರು ಬರುತ್ತಾರೆ, ತಾಯಿ ಮರಿ ಎರಡನ್ನೂ ನೋಡಲು. ಈ ಎರಡು ತಿಂಗಳು ಬರೆಯಲು ಮನಸ್ಸೇ ಇರಲಿಲ್ಲ.

ಬೇಲಿಯ ಮುಳ್ಳುತಂತಿ ತರಚಿ ಗಾಯವಾಯಿತು ಎಂದರೆ ಮುಗಿಯಿತಲ್ಲ ಎಂದ ದೇವೇಂದ್ರ. ಸುಳ್ಳು ಚೆನ್ನಾಗಿದೆ. ನನಗೂ ಅದು ಮೊದಲೇ ಹೊಳೆದಿತ್ತು, ಒಪ್ಪಿಕೊಳ್ಳುತ್ತೇನೆ. ಮಧ್ಯಾಹ್ನವೆಲ್ಲ ಅದನ್ನೇ ಬಾಯಿಪಾಠ ಮಾಡುತ್ತಿದ್ದೆ.

ಸಂಜೆ ಕೆಂಪಯ್ಯ ಬಂದ. ನಿಂತೇ ಹೇಳಿದ: “ಸರಳು ಹಿಡಿದಿದ್ ಕೈ ನಂದು ಅಮ್ಮ. ಓದು ಬರಹ ಇಲ್ದೋನು, ತಿಳೀದೆ ಮಾಡ್ದ ಅಂತ ನನ್ ಹೆಸ್ರು ಬರೆಸ್ಬಿಡಿ. ನಂಗೇನು ಮಾಡ್ತಾರೆ ಅವ್ರು? ನಿಮ್ಗೆ ಅಂಥ ಮಾತು ಬರೋದು ಬ್ಯಾಡ.”

ನಾಲ್ಕು ತಿಂಗಳ ಹಿಂದಾಗಿದ್ದರೆ ‘ಹಾಗೇ ಮಾಡು’ ಎಂದು ಒಳಗೆ ಹೋಗುತ್ತಿದ್ದೆ. ಇವತ್ತು ಸಿಟ್ಟು ಬಂತು. “ನಲ್ವತ್ತು ವರ್ಷ ದುಡಿದಿದ್ದಕ್ಕೆ ಇದೊಂದು ಬಾಕಿ ಇತ್ತಾ ನಿಂಗೆ? ಹೋಗು, ಮರಿ ನೋಡ್ಕೋ ಹೋಗು” ಎಂದು ಗದರಿಸಿ ಕಳಿಸಿದೆ. ಬೈದದ್ದು ಯಾರನ್ನೋ ಗೊತ್ತಿಲ್ಲ.

9 ಏಪ್ರಿಲ್, ಗುರುವಾರ

ಡಾಕ್ಟರು ಶಾಂತವೀರಪ್ಪ. ನಡುವಯಸ್ಸು, ಮೆಲು ಮಾತು. ಮೂಡಿಗೆರೆ ದಾಟಿದ ಮೇಲಿನ ತಿರುವುಗಳಿಗೆ ವಾಂತಿ ಮಾಡಿಕೊಂಡು ಬಂದಿದ್ದರು, ನಿಂಬೆ ಶರಬತ್ತು ಕೊಟ್ಟೆ. ಆಮೇಲೆ ಶೆಡ್ಡಿನಲ್ಲಿ ಪಾಸ್‌ಪೋರ್ಟ್ ತೆರೆದು ಒಂದೊಂದೇ ಗುರುತು ನೋಡಿದರು. ಹಣೆಯ ಬಿಳಿ ಇದೆ. ಹಿಂದಿನ ಎಡಗಾಲಿನ ಬಿಳಿ ಇದೆ. ಕತ್ತಿನ ಸುಳಿ ಎರಡೂ ಇವೆ. ಎಡಗಣ್ಣಿನ ಹತ್ತಿರ ಬಂದು ನಿಂತರು.

“ಇಲ್ಲೊಂದು ಇರಬೇಕಿತ್ತಲ್ಲ?”

ದೇವೇಂದ್ರ “ಬೇಲಿ...” ಎಂದು ಬಾಯಿ ತೆರೆದ.

“ಸುಡಿಸ್ದೆ” ಎಂದೆ ನಾನು. “ಅಪಶಕುನ ಅಂತ ನಾನೇ ಸುಡಿಸ್ದೆ.”

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನ ಡರ್ಬಿ ರೇಸಿನಲ್ಲೇ, ಮೂರು ವರ್ಷದ ಕುದುರೆಯ ಹೆಸರಿನಲ್ಲಿ ನಾಲ್ಕು ವರ್ಷದ್ದನ್ನು ಓಡಿಸಿ ಗೆಲ್ಲಿಸಿದ್ದರಂತೆ. ಆಮೇಲೆ ಕೋರ್ಟಿನಲ್ಲಿ ಸಿಕ್ಕಿಬಿದ್ದರು. “ಅದಕ್ಕೇ ಇಷ್ಟು ಕಟ್ಟುನಿಟ್ಟು ಅಮ್ಮ. ಇರೋ ಗುರುತು ಅಳಿಸಿದಾರೆ ಅಂದ್ರೆ ಮೊದಲು ಅನುಮಾನ ಬರೋದೇ ಕುದುರೆ ಬದಲಾಯಿಸಿದಾರೆ ಅಂತ” ಎಂದರು. ತಾಯಿಯ ರಕ್ತದ ವಿವರ ಅವರ ಕಡತದಲ್ಲಿದೆ. ತಾಯಿ ಮರಿ ಇಬ್ಬರ ರಕ್ತ ತೆಗೆದುಕೊಂಡರು. ಹೊಂದಬೇಕು. ಹೊಂದಿದರೂ ಮೇಲಿನವರು ಒಪ್ಪಬೇಕು. ಗುರುತು ಹೇಗೆ ಹೋಯಿತೆಂದು ಒಂದು ಹೇಳಿಕೆ ಬೇಕು, ಅದನ್ನು ಯಜಮಾನರ ಎದುರಿಗೆ ಓದಿ, ಅವರ ಹೆಬ್ಬೆಟ್ಟು ಹಾಕಿಸಬೇಕು ಎಂದರು.

ಯಜಮಾನರ ಎದುರಿಗೆ! ನಾನೇ ಬರೆದೆ. ನಾನೇ ಓದಿದೆ. ಮಂಚದ ಪಕ್ಕ ನಿಂತು, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗಿಯ ಹಾಗೆ. “ಪಾಪಮ್ಮ ಎಂಬ ನಾನು, ಮಾಲೀಕರಾದ ರಂಗನಾಥನ ಅಕ್ಕ, 1997ನೇ ಇಸವಿ ನವೆಂಬರ್ ಮೂವತ್ತರಂದು, ಅವನಿಗೆ ತಿಳಿಸದೆ...” ಅಷ್ಟಕ್ಕೆ ರಂಗ ಎಡಗೈ ಎತ್ತಿದ. ಕಿಟಕಿಯ ಕಡೆ ಬೆರಳು ತೋರಿಸಿದ. ಆಮೇಲೆ ತನ್ನ ಕಣ್ಣಿನ ಕಡೆ ತೋರಿಸಿದ.

ನೋಡಿದ್ದ. ಅವತ್ತು ನಿದ್ದೆಯಲ್ಲಿರಲಿಲ್ಲ. ಏಳಲಾರದೆ, ಕೂಗಲಾರದೆ, ಕಿಟಕಿಯಲ್ಲಿ ಎಲ್ಲ ನೋಡಿ ಕಣ್ಣು ಮುಚ್ಚಿಕೊಂಡಿದ್ದ. ಸಿಡುಕು ಎಂದು ನಾನು ಬರೆದುಕೊಂಡದ್ದು ಅದು.

ಉಳಿದದ್ದನ್ನು ಓದಲು ಬಹಳ ಹೊತ್ತು ಹಿಡಿಯಿತು. “ಸರಳು ಹಿಡಿದ ಕೆಂಪಯ್ಯನದು ತಪ್ಪಿಲ್ಲ, ತಪ್ಪು ನನ್ನದು” ಎಂದು ಮುಗಿಸಿದೆ. ರಂಗ ಹೆಬ್ಬೆಟ್ಟು ಒತ್ತಿದ. ಗೋಡೆಯ ಕಡೆ ತಿರುಗಿದ.

ನನಗೆ ಅಳು ಬಂತು. ಅಡಿಗೆಮನೆಯಲ್ಲಿ ಜವರಮ್ಮ ಬೆನ್ನು ಸವರಿದಳು.

30 ಏಪ್ರಿಲ್

ಟಪಾಲಿನವನು ಬಂದ, ವಿಷಯವೇನಿಲ್ಲ. ಮರಿ ಬೇಲಿಯುದ್ದಕ್ಕೂ ಓಡುತ್ತದೆ, ತಿರುಗುವುದು ಗೊತ್ತಾಗದೆ ಕಾಫಿ ಗಿಡಕ್ಕೆ ನುಗ್ಗುತ್ತದೆ. ಪುಸ್ತಕದವರು ಒಪ್ಪಲಿ ಬಿಡಲಿ, ಅದು ಎಕ್ಲಿಪ್ಸಿನ ವಂಶವೇ. ತಂದೆಯ ಕಡೆಯಿಂದ ಎಣಿಸಿ ನೋಡಿದ್ದೇನೆ, ಇಪ್ಪತ್ತಕ್ಕಿಂತ ಹೆಚ್ಚು ತಲೆಮಾರು. ದೇವೇಂದ್ರ ಎರಡು ಕಡೆ ತಪ್ಪು ಓದಿದ್ದ, ತಿದ್ದಿದೆ.

27 ಮೇ, ಬುಧವಾರ

ಬಂತು.

ಸ್ಟಡ್ ಬುಕ್ಕಿನವರ ಕವರನ್ನು ಒಡೆಯಲು ದೇವೇಂದ್ರನಿಗೆ ಕೊಟ್ಟು ನಾನು ಬೆನ್ನು ತಿರುಗಿಸಿ ನಿಂತೆ. ಅವನು ಓದಿಕೊಂಡು ಕೂಗಿಯೇಬಿಟ್ಟ. ರಕ್ತ ಹೊಂದಿದೆ. ತಾಯಿ ಬ್ಲಾಸಮ್ ಶವರೇ ಹೌದು. ಮರಿ ಪುಸ್ತಕಕ್ಕೆ ಹತ್ತಿದೆ, ಹುಟ್ಟಿದ ಜಾಗ ಮೂಡಿಗೆರೆ ತಾಲ್ಲೂಕು ಎಂಬುದು ಸಮೇತ. ಕೆಂಪಯ್ಯ ಶೆಡ್ಡಿನ ಕಡೆ ಓಡಿದ, ತಾಯಿ ಮರಿಗೆ ಹೇಳಬೇಕು ಎಂದು.

ಜೊತೆಗೆ ತಾಯಿಯ ಪಾಸ್‌ಪೋರ್ಟನ್ನು ತಿದ್ದಿ ಕಳಿಸಿದ್ದಾರೆ. ಅದನ್ನು ತೆಗೆದುಕೊಂಡು ಒಬ್ಬಳೇ ರಂಗನ ಕೋಣೆಗೆ ಹೋದೆ. ಚಿತ್ರದ ಪುಟ ಬಿಡಿಸಿ ಅವನ ಎದೆಯ ಮೇಲಿಟ್ಟೆ. ಎಡಗಣ್ಣಿನ ಕೆಳಗಿನ ಕತ್ತರಿ ಗುರುತಿಗೆ ಗೆರೆ ಎಳೆದು, ಪಕ್ಕದಲ್ಲಿ ಹೊಸದಾಗಿ ಬರೆದು, ಸೀಲು ಒತ್ತಿದ್ದಾರೆ. ದೇವೇಂದ್ರ ಅದರ ಅರ್ಥವನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಓದಿದೆ:

“ಸುಳಿ ಈಗ ಕಾಣುವುದಿಲ್ಲ. ಕಾದ ಕಬ್ಬಿಣದ ಕಲೆ. ಮಾಡಿಸಿದವರು, ಮಾಲೀಕರ ಅಕ್ಕ ಪಾಪಮ್ಮ.”

ನಮ್ಮ ಮನೆಯ ವಂಶಾವಳಿಯಲ್ಲಿ ಹೆಣ್ಣುಮಕ್ಕಳನ್ನು ಬರೆದಿಲ್ಲ. ಗಂಡನ ಮನೆಯದರಲ್ಲೂ ಇಲ್ಲ. ಅರವತ್ತೊಂದು ವರ್ಷಕ್ಕೆ ನನ್ನ ಹೆಸರು ಒಂದು ಪುಸ್ತಕಕ್ಕೆ ಹತ್ತಿತು, ಹತ್ತಿದ್ದು ಹೀಗೆ. “ನೋಡೋ ರಂಗ” ಎಂದೆ, “ನಿನ್ ಮರಿ ಜೊತೆ ನಂದೂ ಹೋಯ್ತು ಪುಸ್ತಕಕ್ಕೆ.”

ರಂಗ ಆ ಸಾಲನ್ನು ನೋಡಿದ, ನನ್ನನ್ನು ನೋಡಿದ. ಸೊಟ್ಟ ಬಾಯಿ ನಡುಗಿತು. ಅಳುತ್ತಾನೆಂದು ಹೆದರಿದೆ. ನಗುತ್ತಿದ್ದ. ಹೊಟ್ಟೆ ಕುಣಿಯುವ ಹಾಗೆ, ಪುಸ್ತಕ ಎದೆಯಿಂದ ಜಾರುವ ಹಾಗೆ, ಕಣ್ಣಲ್ಲಿ ಬಾಯಲ್ಲಿ ನೀರು ಸುರಿಯುವ ಹಾಗೆ ನಕ್ಕ. ಸೆರಗಿನಿಂದ ಬಾಯಿ ಒರೆಸಲು ಕೈ ಚಾಚಿದೆ. ಮುಖ ತಿರುಗಿಸಲಿಲ್ಲ.

ಆಮೇಲೆ ಎಡಗೈಯಲ್ಲಿ ಪುಸ್ತಕವನ್ನು ನನ್ನ ಕಡೆ ತಳ್ಳಿದ, ಇನ್ನೊಂದು ಸಲ ಓದು ಎಂದು. ಓದಿದೆ.